ಆಯ್ದಕ್ಕಿ ಲಕ್ಕಮ್ಮ ಮತ್ತು ಹೆಸರಿಲ್ಲದ ಜೋಗುಳಗಳು

ಮಸ್ಕಿ ಅಂದ ಕೂಡಲೇ ಎಲ್ಲರೂ ಹೇಳೋದು ಅಶೋಕನ ಶಾಸನ. 1915ರಲ್ಲಿ ಸಿಕ್ಕಿತು, ಅದರಲ್ಲಿ ಅಶೋಕ ಅನ್ನೋ ಹೆಸರೇ ಇತ್ತು, ‘ದೇವಾನಾಂಪ್ರಿಯ’ ಯಾರು ಅನ್ನೋದು ಬಗೆಹರಿಯಿತು. ಸರಿ, ರಾಜನ ಹೆಸರು ಉಳಿಯೋಕೆ ಬಂಡೆ ಇತ್ತು. ಇದೇ ಸೀಮೆಯ ಒಬ್ಬ ಹೆಣ್ಣುಮಗಳ ಹೆಸರು ಬಂಡೆಯ ಹಂಗಿಲ್ಲದೆ ಎಂಟುನೂರು ವರ್ಷ ಉಳಿದಿದೆ, ಗೊತ್ತಾ?

ಲಕ್ಕಮ್ಮ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು. 12ನೇ ಶತಮಾನ. ಗಂಡ ಮಾರಯ್ಯನ ಜೊತೆ ಕಲ್ಯಾಣಕ್ಕೆ ಹೋದಳು. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. (ಈಗ ಆ ಕಡೆ ಅಕ್ಕಿ ಅಂದರೆ ಸಿಂಧನೂರು. ಅದು ತುಂಗಭದ್ರಾ ಕಾಲುವೆ ಬಂದ ಮೇಲಿನ ಕಥೆ ಬಿಡಿ.) ಶೂನ್ಯಸಂಪಾದನೆ ಹೇಳುವಂತೆ, ಆತ ಅಲ್ಲಮನ ಜೊತೆ ಮಾತಿಗೆ ಕೂತು ಕಾಯಕ ಮರೆತಾಗ ನೆನಪಿಸಿದವಳು ಈಕೆ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ವಾಪಸ್ ಸುರಿದು ಬನ್ನಿ ಅಂದವಳೂ ಈಕೆಯೇ. ಆಕೆಯ 25 ವಚನಗಳು ಸಿಕ್ಕಿವೆ. ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅಂಕಿತದಲ್ಲಿ ಗಂಡನ ಹೆಸರು, ವಚನದಲ್ಲಿ ಗಂಡನಿಗೇ ಬುದ್ಧಿವಾದ!

ಲಕ್ಕಮ್ಮ, ರಾಯಮ್ಮ, ಸಂಕವ್ವೆ... ಹೆಸರಲ್ಲೇ ಅಮ್ಮ ಇದ್ದಾಳೆ, ಅವ್ವ ಇದ್ದಾಳೆ. ಆದರೆ ಲಕ್ಕಮ್ಮನ ವಚನಗಳ ವಸ್ತು ಕಾಯಕ, ಆಸೆ, ಮನಸ್ಸಿನ ಶುದ್ಧಿ, ಸತಿಪತಿಯರ ಸಮಾನತೆ. ಬಸಿರು, ಬಾಣಂತನ, ತೊಟ್ಟಿಲು ಅಲ್ಲ. ಹಾಗಾದರೆ ಹೆತ್ತವಳು ತನ್ನ ಕೂಸಿನ ಬಗ್ಗೆ ಎಲ್ಲಿ ಮಾತಾಡಿದಳು?

ಬೀಸುಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ. ಮಕ್ಕಳಿಲ್ಲದವಳ ಸಂಕಟ, ಮಗುವಿನ ಅಳು, ತವರಿನ ಹಂಬಲ, ಅತ್ತೆಯ ಕಾಟ ಎಲ್ಲವೂ ತ್ರಿಪದಿಯಲ್ಲಿ ಬಂದವು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಗಿದ್ದು 1923ರಲ್ಲಿ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ. ಎರಡೂ ಬಿಜಾಪುರದ ಕಡೆಯವರದೇ ಶ್ರಮ. ಮೊದಲನೆಯವರು ತಾಡೋಲೆ ಹುಡುಕಿ ಮನೆಮನೆ ತಿರುಗಿದರು, ಎರಡನೆಯವರು ಹಾಡುವವರ ಬಾಯಿಗೇ ಕಿವಿಕೊಟ್ಟರು.

ನನ್ನನ್ನು ಕಾಡೋದು ಇದು. ಸೂಳೆ ಸಂಕವ್ವೆಯದು ಸಿಕ್ಕಿರುವುದು ಒಂದೇ ವಚನ. ಆದರೂ ಹೆಸರಿದೆ, ವೃತ್ತಿಯ ಸಮೇತ. ಅಷ್ಟೊಂದು ಹಾಡು ಕಟ್ಟಿದ ಗರತಿಯರದು? ಒಂದೂ ಹೆಸರಿಲ್ಲ. ಹಾಡಿನಲ್ಲಿ ಅಣ್ಣ ಇದ್ದಾನೆ, ಕಂದ ಇದ್ದಾನೆ, ಹಾಡಿದವಳ ಅಂಕಿತ ಮಾತ್ರ ಇಲ್ಲ.

ಇದನ್ನು ಬರೀ ಅನ್ಯಾಯ ಅಂತ ಬಿಟ್ಟುಬಿಡೋಕೆ ಮನಸ್ಸು ಬರಲ್ಲ. ಲಕ್ಕಮ್ಮ ಹೆಸರು ಹಾಕಿ ಗಂಡನನ್ನು ತಿದ್ದಬಹುದಿತ್ತು, ಕೇಳೋಕೆ ಶರಣರ ಕೂಟವಿತ್ತು. ಕೂಡುಮನೆಯ ಸೊಸೆಗೆ ಆ ಕೂಟ ಎಲ್ಲಿಂದ ಬರಬೇಕು? ಅತ್ತೆ ಒಳಗೇ ಇದ್ದಾಳೆ, ಕಲ್ಲು ತಿರುಗುತ್ತಿದೆ. ಹಾಡು ಯಾರದೂ ಅಲ್ಲ ಅಂದಾಗಲೇ ಅತ್ತೆಯ ಬಗ್ಗೆ ಒಂದು ಸಾಲು ಸೇರಿಸೋಕೆ ಧೈರ್ಯ. ಯಾರಾದರೂ ಕೇಳಿದರೆ, ‘ಹಿಂದಿನವರು ಹಾಡಿದ್ದು’ ಅಂದರಾಯ್ತು.