ಒರೆಗಲ್ಲು, ಬಳಪ ಮತ್ತು ಪಂಚಾಯಿತಿ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬಾತ ದಕ್ಷಿಣ ಭಾರತದ ಇತಿಹಾಸವನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಬರೆದಿದ್ದಾನೆ. ಅದರ ಮೊದಲ ಸಂಪುಟ 1810ರಲ್ಲಿ ಪ್ರಕಟವಾಯಿತು. ನಮ್ಮ ಹಳ್ಳಿಗಳ ಆಡಳಿತವನ್ನು ವರ್ಣಿಸುವಾಗ ಅವನು ಹನ್ನೆರಡು ಮಂದಿ ಆಯಗಾರರ ಪಟ್ಟಿಯನ್ನು ಕೊಡುತ್ತಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಕೊನೆಯಲ್ಲಿ ಅಕ್ಕಸಾಲಿಗ. ಇವರಿಗೆಲ್ಲ ಊರಿನ ಬೆಳೆಯಲ್ಲಿ ಪಾಲುಂಟು. ಆ ಪಾಲಿಗೆ ಆಯ ಎಂದು ಹೆಸರು. ಇಷ್ಟನ್ನು ಹೇಳಿ ವಿಲ್ಕ್ಸ್ ಇನ್ನೊಂದು ಮಾತನ್ನು ಸೇರಿಸುತ್ತಾನೆ. ಕೆಲವು ಊರುಗಳಲ್ಲಿ ಅಕ್ಕಸಾಲಿಗನ ಜಾಗದಲ್ಲಿ ಕವಿಯೊಬ್ಬನಿರುತ್ತಾನಂತೆ, ಆತನೇ ಅನೇಕ ವೇಳೆ ಊರ ಮಕ್ಕಳಿಗೆ ಉಪಾಧ್ಯಾಯನೂ ಆಗಿರುತ್ತಾನಂತೆ. ಅಕ್ಕಸಾಲಿಗನಿಗಿಂತ ಅವನಿಗೆ ತಗಲುವ ಖರ್ಚು ಕಡಿಮೆಯೆಂಬ ಚಟಾಕಿಯೂ ಅಲ್ಲಿದೆ.

ಉಪಾಧ್ಯಾಯರಿಗೆ ತಗಲುವ ಖರ್ಚು ಕಡಿಮೆ ಎಂಬ ಮಾತು ಎರಡು ಶತಮಾನಗಳಷ್ಟು ಹಳೆಯದೆಂದು ತಿಳಿದು ನಾನು ನಕ್ಕಿದ್ದುಂಟು. ಆದರೆ ಆ ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಕಾರಣಕ್ಕೆ. ಊರ ಆಡಳಿತದ ಒಂದೇ ಮಣೆಯ ಮೇಲೆ ಒಂದು ಕಡೆ ಅಕ್ಕಸಾಲಿಗ, ಇನ್ನೊಂದು ಕಡೆ ಉಪಾಧ್ಯಾಯ ಕುಳಿತಿದ್ದರೆಂಬ ಸಂಗತಿ ನಮ್ಮ ಮನೆತನದ ಕಥೆಯೂ ಆಗಿದೆ. ನನ್ನ ದೊಡ್ಡಪ್ಪನವರು ಚಿನ್ನದ ಕೆಲಸ ಮಾಡುತ್ತಿದ್ದರು, ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಪಂಚಾಯಿತಿಯಲ್ಲಿಯೂ ಇದ್ದರು. ಈ ಮೂರು ಕೆಲಸಗಳು ಒಬ್ಬನಲ್ಲಿ ಹೇಗೆ ಕೂಡಿಬಂದವು, ಹೇಗೆ ಬೇರೆಯಾದವು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಇತಿಹಾಸದ ಭಾಗವನ್ನು ಹೇಳಿಬಿಡುತ್ತೇನೆ. ಅಕ್ಕಸಾಲಿಗನಿಗೆ ಊರ ಆಡಳಿತದಲ್ಲಿ ಏನು ಕೆಲಸ ಎಂದು ಇಂದಿನವರು ಕೇಳಬಹುದು. ಆ ಕಾಲದಲ್ಲಿ ಒಂದೇ ಸಂತೆಯಲ್ಲಿ ವರಹ, ಹಣ, ರೂಪಾಯಿ ಎಂದು ಹತ್ತು ಬಗೆಯ ನಾಣ್ಯಗಳು ಓಡಾಡುತ್ತಿದ್ದವು. ಒಂದು ಸವೆದದ್ದು, ಒಂದು ಅಂಚು ಕತ್ತರಿಸಿದ್ದು, ಒಂದು ಬೆರಕೆಯದು. ರೈತ ಕಂದಾಯವೆಂದು ತಂದುಕೊಟ್ಟ ನಾಣ್ಯ ಸಾಚಾ ಹೌದೋ ಅಲ್ಲವೋ ಎಂದು ಹೇಳಬಲ್ಲವನು ಬೇಕಾಗಿತ್ತು. ನಮ್ಮ ಊರು ತುಂಗಭದ್ರೆಯ ಈಚೆ ದಡದ್ದು. ಹೊಳೆ ದಾಟಿದರೆ ಅಂದಿನ ಮುಂಬಯಿ ಪ್ರಾಂತ್ಯ. ಆಚೆ ದಡದ ಸೀಮೆಯಲ್ಲಿ ಹೀಗೆ ನಾಣ್ಯ ನೋಡುವವನನ್ನು ಪೋತದಾರ ಎನ್ನುತ್ತಿದ್ದರು. ಸಾಮಾನ್ಯವಾಗಿ ಆತ ಅಕ್ಕಸಾಲಿಗನೇ. ಉತ್ತರ ಕರ್ನಾಟಕದಲ್ಲಿ ಪೋತದಾರ ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ. ಪೋತದಾರನ ಮಾತನ್ನು ಸರ್ಕಾರವೂ ನಂಬಬೇಕು, ರೈತನೂ ನಂಬಬೇಕು. ಇಬ್ಬರಲ್ಲಿ ಒಬ್ಬರ ಪಕ್ಷ ವಹಿಸಿದನೆಂದರೆ ಅವನ ಕೆಲಸ ಮುಗಿದಂತೆ.

ಈ ನಂಬಿಕೆ ಸುಮ್ಮನೆ ಬಂದುದಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ನಮ್ಮ ಜನವೇ ಕಟ್ಟಿದ್ದಾರೆ, ನಮ್ಮ ಮನೆಯಲ್ಲಿ ನಾವೇ ಅದನ್ನು ಹೇಳಿ ನಗುತ್ತಿದ್ದೆವು. ಹೀಗೆ ಅನುಮಾನಿಸುವ ಜನರ ನಡುವೆ ನಂಬಿಕೆ ಗಳಿಸುವ ಉಪಾಯವೆಂದರೆ ಪರೀಕ್ಷೆಯನ್ನು ಎಲ್ಲರ ಕಣ್ಣೆದುರು ಮಾಡುವುದು. ಕರಿಯ ಒರೆಗಲ್ಲಿನ ಮೇಲೆ ಒಡವೆಯನ್ನು ಉಜ್ಜಿ ಒಂದು ಗೆರೆ, ಪಕ್ಕದಲ್ಲಿ ಮಟ್ಟ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಬಣ್ಣವನ್ನು ಹೋಲಿಸಿ, ಬೇಕಾದರೆ ಆಮ್ಲದ ಹನಿ ಹಾಕಿ ನೋಡುವುದು. ಕಲ್ಲು ಕುಳಿತವನ ಕೈಯಲ್ಲಿದ್ದರೂ ಗೆರೆ ಎದುರಿಗಿದ್ದವನಿಗೂ ಕಾಣುತ್ತದೆ. ಹಲಗೆಯ ಮೇಲೆ ಲೆಕ್ಕ ಬಿಡಿಸುವ ಉಪಾಧ್ಯಾಯನ ಕೆಲಸವೂ ಇದೇ ಅಲ್ಲವೆ? ಉತ್ತರ ಎಲ್ಲಿಂದ ಬಂತೆಂದು ಹಿಂದಿನ ಸಾಲಿನ ಹುಡುಗನಿಗೂ ಕಾಣಬೇಕು.

ದೊಡ್ಡಪ್ಪನವರು ನಮ್ಮ ಊರಿನ ಕೂಲಿಮಠದ ಕೊನೆಯ ಐಗಳು. ಸರ್ಕಾರಿ ಶಾಲೆ ಬರುವ ಮೊದಲು ಮಕ್ಕಳು ಕಲಿಯುತ್ತಿದ್ದುದು ಇಂಥ ಮಠಗಳಲ್ಲಿ; ಸಂಬಳ ಮಕ್ಕಳ ಮನೆಯವರು ಕೊಡುವ ಕಾಳುಕಡ್ಡಿ, ಹಬ್ಬದ ಕಾಣಿಕೆ. ಬೆಳಗ್ಗೆ ಜಗಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸುವುದು, ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳಿಸುವುದು. ಮಕ್ಕಳು ಹೋದ ಮೇಲೆ ಅದೇ ಜಗಲಿಯ ಒಳಬದಿಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತು ಊದುಗೊಳವೆ ಹಿಡಿಯುವುದು. ಗುಲಗಂಜಿ, ಹಣತೂಕ, ತೊಲಗಳ ಲೆಕ್ಕವನ್ನು ಅವರು ಮಕ್ಕಳಿಗೆ ತಕ್ಕಡಿಯಲ್ಲಿ ತೂಗಿಯೇ ಕಲಿಸುತ್ತಿದ್ದರು. 1956ರ ಕಾಯಿದೆಯಂತೆ ಮೆಟ್ರಿಕ್ ತೂಕ ನಮ್ಮ ಸಂತೆಗೂ ಬಂದಾಗ, ಒಂದು ತೊಲಕ್ಕೆ 11.66 ಗ್ರಾಂ ಎಂದು ಊರಿನ ಹೆಂಗಸರಿಗೆ ತಿಳಿಯಹೇಳಿದವರೂ ಅವರೇ. ಅಷ್ಟರಲ್ಲಿ ಸರ್ಕಾರಿ ಶಾಲೆ ಬಂದು ಮಠ ನಿಂತಿತ್ತು. ಆದರೂ ಊರಿನ ಪಾಲಿಗೆ ಅವರು ಐಗಳಾಗಿಯೇ ಉಳಿದರು.

ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಬಂದದ್ದು 1959ರಲ್ಲಿ. ಅದರ ಪ್ರಕಾರ ನಡೆದ ಮೊದಲ ಚುನಾವಣೆಯಲ್ಲಿ ಊರವರು ದೊಡ್ಡಪ್ಪನವರನ್ನು ನಿಲ್ಲಿಸಿ ಗೆಲ್ಲಿಸಿದರು. ಆಯಗಾರನ ಮಣೆಯಲ್ಲಿ ಹುಟ್ಟಿನಿಂದ ಕೂರುತ್ತಿದ್ದ ಮನೆತನ ಈಗ ಮತದಿಂದ ಕೂರುವಂತಾಯಿತು. ಬೀದಿದೀಪ, ಕುಡಿಯುವ ನೀರಿನ ಬಾವಿ, ಶಾಲೆಯ ಹೆಂಚು, ಇವೇ ಅಂದಿನ ರಾಜಕೀಯ. ಅದೇ ಹೊತ್ತಿಗೆ ನಾನು ಟ್ರೈನಿಂಗ್ ಮುಗಿಸಿ ಸರ್ಕಾರಿ ಶಾಲೆಗೆ ಸೇರಿದೆ.

1962ರ ಅಕ್ಟೋಬರ್ 20ರಂದು ಚೀನಾದ ಆಕ್ರಮಣ ಆರಂಭವಾಯಿತು. ರಾಷ್ಟ್ರೀಯ ರಕ್ಷಣಾ ನಿಧಿಗೆ ದೇಶದ ಎಲ್ಲೆಡೆ ಜನ ಚಿನ್ನ ಕೊಟ್ಟರು. ನಮ್ಮ ಊರಿನಲ್ಲಿ ಕೊಟ್ಟವರ ಒಡವೆಗಳನ್ನು ಪಂಚಾಯಿತಿಯ ಕಟ್ಟೆಯ ಮೇಲೆ ತೂಗಿದ್ದು ದೊಡ್ಡಪ್ಪನವರ ತಕ್ಕಡಿ. ಮೂಗುಬೊಟ್ಟು, ಉಂಗುರ, ಒಂದೆಳೆ ಸರ. ಪ್ರತಿಯೊಂದಕ್ಕೂ ಒರೆ ಹಚ್ಚಿ, ತೂಕವನ್ನು ಗಟ್ಟಿಯಾಗಿ ಹೇಳಿ, ಬರೆಸುತ್ತಿದ್ದರು. ಬರೆದವನು ನಾನು.

ಮರು ಜನವರಿಯಲ್ಲಿ, ಅಂದರೆ 1963ರ ಜನವರಿಯಲ್ಲಿ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಚಿನ್ನದ ಹತೋಟಿ ಬಂದಿತು. ಆಗ ಅರ್ಥ ಸಚಿವರು ಮೊರಾರ್ಜಿ ದೇಸಾಯಿ. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಮಟ್ಟದ ಒಡವೆಗಳನ್ನು ಹೊಸದಾಗಿ ಮಾಡುವಂತಿಲ್ಲ ಎಂಬುದು ಅದರ ಮುಖ್ಯ ವಿಧಿ. ನನ್ನ ಶಿಷ್ಯರು ಲೆಕ್ಕ ಮಾಡಿಕೊಳ್ಳಬಹುದು: ಇಪ್ಪತ್ತೆರಡು ಕ್ಯಾರೆಟ್ ಎಂದರೆ ನೂರಕ್ಕೆ 91.67 ಪಾಲು ಚಿನ್ನ. ಹದಿನಾಲ್ಕು ಎಂದರೆ 58.33. ಹತ್ತು ಗ್ರಾಂ ಒಡವೆಯಲ್ಲಿ ನಾಲ್ಕು ಗ್ರಾಮಿಗೂ ಮಿಕ್ಕಿ ತಾಮ್ರ, ಬೆಳ್ಳಿಗಳೇ.

ಸರ್ಕಾರದ ಕಡೆಯ ಲೆಕ್ಕವನ್ನೂ ನ್ಯಾಯವಾಗಿ ಹೇಳಬೇಕು. ಆಗ ಹೊರಗಡೆ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್; ಡಾಲರಿಗೆ 4.76 ರೂಪಾಯಿ. 31.1 ಗ್ರಾಮಿನ ಔನ್ಸನ್ನು ಭಾಗಿಸಿ ನೋಡಿದರೆ ಹತ್ತು ಗ್ರಾಮಿಗೆ ಸುಮಾರು 54 ರೂಪಾಯಿ. ನಮ್ಮ ಪೇಟೆಯಲ್ಲಿ ಅದೇ ಚಿನ್ನಕ್ಕೆ ಸುಮಾರು 120. ಇಮ್ಮಡಿಗೂ ಹೆಚ್ಚಿನ ಈ ಅಂತರವೇ ಕಳ್ಳಸಾಗಣೆಗೆ ಹಾದಿ. ದೇಶದ ವಿದೇಶಿ ವಿನಿಮಯ ಆ ಹಾದಿಯಲ್ಲಿ ಸೋರಿಹೋಗುತ್ತಿತ್ತು. ಒಡವೆಯ ಮಟ್ಟ ಇಳಿಸಿದರೆ ಬೇಡಿಕೆ ಇಳಿಯುತ್ತದೆ, ಬೇಡಿಕೆ ಇಳಿದರೆ ಕಳ್ಳಸಾಗಣೆ ನಿಲ್ಲುತ್ತದೆ ಎಂಬುದು ತರ್ಕ.

ಕಾಗದದ ಮೇಲೆ ಲೆಕ್ಕ ಸರಿಯಿತ್ತು. ಆದರೆ ನಮ್ಮ ಹೆಣ್ಣುಮಕ್ಕಳು ಒಡವೆಯನ್ನು ಅಲಂಕಾರಕ್ಕೆಂದು ಮಾತ್ರ ಕೊಳ್ಳುತ್ತಿರಲಿಲ್ಲ; ಬ್ಯಾಂಕು ಕಾಣದ ಹಳ್ಳಿಯಲ್ಲಿ ಅದೇ ಅವರ ಗಂಟು. ಅರ್ಧಕ್ಕರ್ಧ ಬೆರಕೆಯ ಗಂಟನ್ನು ಯಾರು ಕಟ್ಟುತ್ತಾರೆ? ಅದರ ಮೇಲೆ ಹದಿನಾಲ್ಕು ಕ್ಯಾರೆಟ್ಟಿನ ಚಿನ್ನ ಬಿರುಸು. ಇಪ್ಪತ್ತೆರಡರಲ್ಲಿ ಪಳಗಿದ ಕೈಗೆ ಕಂಬಚ್ಚಿನಲ್ಲಿ ಎಳೆಯುವಾಗ ಒಗ್ಗದು, ಬೆಸುಗೆಗೂ ಒಗ್ಗದು. ಗಿರಾಕಿಗಳು ಬರುವುದು ನಿಂತಿತು. ದೇಶದಾದ್ಯಂತ ಲಕ್ಷಾಂತರ ಅಕ್ಕಸಾಲಿಗರ ಕುಲುಮೆಗಳು ಆರಿದವು. ಕೆಲವರು ಆತ್ಮಹತ್ಯೆ ಮಾಡಿಕೊಂಡ ಸುದ್ದಿಯೂ ಪತ್ರಿಕೆಗಳಲ್ಲಿ ಬರುತ್ತಿತ್ತು.

ನಮ್ಮ ಬೀದಿಯ ಹತ್ತು ಹನ್ನೆರಡು ಮನೆಯವರು ದೊಡ್ಡಪ್ಪನವರ ಬಳಿಗೆ ಬಂದರು. ಹತೋಟಿಯನ್ನು ಹಿಂತೆಗೆಯಬೇಕೆಂದು ಪಂಚಾಯಿತಿ ನಿರ್ಣಯ ಮಾಡಿ, ಮೊಹರು ಒತ್ತಿ ಸರ್ಕಾರಕ್ಕೆ ಕಳಿಸಲಿ ಎಂಬುದು ಅವರ ಬೇಡಿಕೆ. ಇತರ ಸದಸ್ಯರು ಒಪ್ಪುವಂತೆಯೂ ಇದ್ದರು. ದೊಡ್ಡಪ್ಪನವರು ಒಪ್ಪಲಿಲ್ಲ. "ಊರಿನ ಮೊಹರು ಊರಿನ ಕೆಲಸಕ್ಕೆ. ನನ್ನ ಒಲೆ ಆರಿತೆಂದು ನಾನೇ ಅದನ್ನು ಒತ್ತಿದರೆ, ನಾಳೆ ಗೌಡರು ತಮ್ಮ ಗದ್ದೆಯ ಕಾಲುವೆಗೆ ಒತ್ತುತ್ತಾರೆ. ಅರ್ಜಿ ನಮ್ಮ ಕಸುಬಿನವರ ಹೆಸರಿನಲ್ಲಿ ಹೋಗಲಿ, ಮೊದಲ ಸಹಿ ನನ್ನದೇ ಇರಲಿ" ಎಂದರು. ಹಾಗೆಯೇ ಆಯಿತು. ಆ ಅರ್ಜಿಯನ್ನು ಚೊಕ್ಕ ಅಕ್ಷರದಲ್ಲಿ ಬರೆಯಲು ನಾನು ಮುಂದಾದೆ. ಅದನ್ನೂ ಅವರು ಬೇಡವೆಂದರು. ಸರ್ಕಾರಿ ನೌಕರರು ರಾಜಕೀಯದಿಂದ ದೂರವಿರಬೇಕೆಂಬ ನಿಯಮ ಆಗಲೂ ಇತ್ತು. 1966ರ ನಡತೆ ನಿಯಮಗಳಲ್ಲಿ ಅದು ಇನ್ನೂ ಸ್ಪಷ್ಟವಾಯಿತು. "ನಿನ್ನ ಸಂಬಳದಿಂದ ಈ ಮನೆ ನಡೆಯುವ ಕಾಲ ಬಂದಿದೆ, ಮಗು" ಎಂದಷ್ಟೇ ಹೇಳಿ ತಾವೇ ಬರೆದರು.

ಬೀದಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ನಮ್ಮವನಾಗಿ ನಮಗೆ ಒದಗದವನು ಯಾಕೆ ಬೇಕು ಎಂದರು. ಮುಂದಿನ ಚುನಾವಣೆಯಲ್ಲಿ ದೊಡ್ಡಪ್ಪನವರು ಸೋತರು. ಕೈಬಿಟ್ಟದ್ದು ನಮ್ಮ ಬೀದಿಯ ಮತಗಳೇ. ಆ ದಿನ ನಾನು ಬೇರೊಂದು ಊರಿನ ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುತ್ತಿದ್ದೆ. ಅವರು ಮರಳಿ ಚುನಾವಣೆಗೆ ನಿಲ್ಲಲಿಲ್ಲ, ಬೀದಿಯವರೊಡನೆ ಮಾತು ಬಿಡಲೂ ಇಲ್ಲ.

ಕಾಯಿದೆಯ ಮುಂದಿನ ಕಥೆ ಹೀಗಿದೆ. 1963ರ ಸೆಪ್ಟೆಂಬರಿನಲ್ಲಿಯೇ ಸ್ವಲ್ಪ ಸಡಿಲಿಕೆ ದೊರೆತು, ಗಿರಾಕಿಯ ಹಳೆಯ ಒಡವೆಯನ್ನು ಅದೇ ಮಟ್ಟದಲ್ಲಿ ಮಾಡಿಕೊಡಲು ಅನುಮತಿಯಾಯಿತು. ಅಕ್ಕಸಾಲಿಗರ ಸತ್ಯಾಗ್ರಹಗಳ ನಂತರ 1966ರಲ್ಲಿ ಹದಿನಾಲ್ಕು ಕ್ಯಾರೆಟ್ಟಿನ ಕಟ್ಟು ಹೋಯಿತು. 1968ರಲ್ಲಿ ಚಿನ್ನ ಹತೋಟಿ ಕಾಯಿದೆ ಬಂದು ಸರ್ಟಿಫಿಕೇಟು, ಲೆಕ್ಕಪುಸ್ತಕ, ತಪಾಸಣೆಗಳು ಉಳಿದುಕೊಂಡವು. ಗಟ್ಟಿ ಚಿನ್ನವನ್ನು ಮನೆಯವರು ಇಟ್ಟುಕೊಳ್ಳುವಂತಿರಲಿಲ್ಲ. ಅದು ರದ್ದಾದದ್ದು 1990ರಲ್ಲಿ. ಇಪ್ಪತ್ತೇಳು ವರ್ಷಗಳ ಹತೋಟಿಯಲ್ಲಿ ಕಳ್ಳಸಾಗಣೆ ನಿಲ್ಲಲಿಲ್ಲ. ನಮ್ಮ ಬೀದಿಯಲ್ಲಿ ನಿಂತದ್ದು ಮಕ್ಕಳ ಕೈಗೆ ಊದುಗೊಳವೆ ಕೊಡುವ ಪದ್ಧತಿ. ದೊಡ್ಡಪ್ಪನವರ ಮಗ ಟಿ.ಸಿ.ಎಚ್. ಮಾಡಿದ, ಪಕ್ಕದ ಮನೆಯ ಇಬ್ಬರು ಉಪಾಧ್ಯಾಯರಾದರು, ಒಬ್ಬ ಅಂಚೆ ಇಲಾಖೆ ಸೇರಿದ. ಅಕ್ಕಸಾಲಿಗನ ಜಾಗದಲ್ಲಿ ಉಪಾಧ್ಯಾಯ ಎಂದು ವಿಲ್ಕ್ಸ್ ಬರೆದದ್ದು ಹೀಗೆ ನಮ್ಮ ಬೀದಿಯಲ್ಲಿ ಇನ್ನೊಂದು ರೀತಿಯಲ್ಲಿ ನಿಜವಾಯಿತು.

ಹಾಗೆ ಉಪಾಧ್ಯಾಯರಾದವರಿಗೆ ಊರ ಮಣೆ ಮಾತ್ರ ಸಿಗಲಿಲ್ಲ. ಸಂವಿಧಾನದ 171ನೆಯ ವಿಧಿ ವಿಧಾನ ಪರಿಷತ್ತಿನಲ್ಲಿ ಉಪಾಧ್ಯಾಯರ ಕ್ಷೇತ್ರಗಳಿಗೆ ಎಡೆ ಮಾಡಿಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಅಂಥವು ಏಳು. ಅಲ್ಲಿ ಮತ ಹಾಕುವ ಹಕ್ಕು ಪ್ರೌಢಶಾಲೆಯಿಂದ ಮೇಲಿನವರಿಗೆ. ಊರಿನ ಪ್ರಾಥಮಿಕ ಶಾಲೆಯ ಮೇಷ್ಟರಿಗಿಲ್ಲ. ಸರ್ಕಾರಿ ಮೇಷ್ಟರು ಸೇವೆಯಲ್ಲಿರುವಾಗ ಪಂಚಾಯಿತಿಗೆ ನಿಲ್ಲುವಂತಿಲ್ಲ. ಇದು ತಪ್ಪೆಂದು ನಾನು ಹೇಳಲಾರೆ. ಪಕ್ಷದ ಬಾವುಟ ಹಿಡಿದ ಕೈಯಿಂದ ಅಂಕ ಪಡೆಯುವ ಮಗುವಿನ ಗತಿಯನ್ನು ಯೋಚಿಸಿದರೆ ನಿಯಮದ ಅರ್ಥ ತಿಳಿಯುತ್ತದೆ. ಆದರೆ 1987ರಲ್ಲಿ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಬಂದು ಊರಿನ ಕೈಗೆ ಹಿಂದೆಂದೂ ಕಾಣದಷ್ಟು ಅಧಿಕಾರ ಬಂದಾಗ, ಆ ಮನೆಗಳಲ್ಲಿ ಲೆಕ್ಕ ಬಲ್ಲವರು ಕಡಿಮೆ ಇದ್ದುದನ್ನು ಶಾಲೆಯ ಕಿಟಕಿಯಿಂದ ನೋಡಿ ನಾನು ಮರುಗಿದ್ದೇನೆ.

ದೊಡ್ಡಪ್ಪನವರು ಮಾಡಿದ್ದು ಸರಿಯೇ ಎಂದು ಮನೆಯವರು ಈಗಲೂ ಚರ್ಚಿಸುತ್ತಾರೆ. ಕಾಯಿದೆ ಅನ್ಯಾಯದ್ದಾಗಿರುವಾಗ ಕೈಯಲ್ಲಿದ್ದ ಮೊಹರನ್ನು ಬಳಸದಿರುವುದು ಎಂಥ ಧರ್ಮ ಎಂದು ನನ್ನ ತಮ್ಮನ ಮಕ್ಕಳು ಕೇಳುತ್ತಾರೆ. ಒಂದು ಹಳ್ಳಿಯ ನಿರ್ಣಯದಿಂದ ದೆಹಲಿ ಅಲುಗುತ್ತಿರಲಿಲ್ಲ ಎಂಬುದು ಸುಲಭದ ಉತ್ತರ, ಅದು ಸಾಲದು. ನನಗೆ ತೋರುವುದು ಇಷ್ಟು. ಪೋತದಾರನ ಕೆಲಸದ ತಿರುಳನ್ನು ಅವರು ಬಿಟ್ಟುಕೊಡಲಿಲ್ಲ. ಬೇರೆಯವರ ಚಿನ್ನಕ್ಕೆ ಹಚ್ಚುವ ಕಲ್ಲಿಗೆ ತಮ್ಮ ಚಿನ್ನವನ್ನೂ ಹಚ್ಚಿದರು, ಗೆರೆ ಎಲ್ಲರಿಗೂ ಕಾಣುವಂತೆ. ಅದರ ಬೆಲೆಯನ್ನೂ ತೆತ್ತರು. ಬೀದಿಯವರ ಸಿಟ್ಟೂ ಸುಳ್ಳಲ್ಲ. ಹಸಿದವರ ಮಾತು ಅದು. ಎರಡನ್ನೂ ಬರೆದಿಡದಿದ್ದರೆ ಇತಿಹಾಸ ಬೆರಕೆಯಾಗುತ್ತದೆ.

ಈಗ ಒರೆಗಲ್ಲಿನ ಕೆಲಸವನ್ನು ಬಹುಮಟ್ಟಿಗೆ ಯಂತ್ರ ಮಾಡುತ್ತದೆ. 2000ದಲ್ಲಿ ಆರಂಭವಾದ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಯಿತು. ಒಡವೆಯ ಮೇಲೆ 916 ಎಂಬ ಅಂಕಿ ಕಂಡರೆ ಅದು ಇಪ್ಪತ್ತೆರಡು ಕ್ಯಾರೆಟ್. ಒಂದು ಕಾಲಕ್ಕೆ ಯಾರೂ ಒಲ್ಲದಿದ್ದ ಹದಿನಾಲ್ಕು ಕ್ಯಾರೆಟ್ಟಿಗೂ 585 ಎಂಬ ಮುದ್ರೆಯಿದೆ. ಹಗುರ ಒಡವೆ ಬಯಸುವ ಹುಡುಗಿಯರು ಈಗ ಅದನ್ನು ಇಷ್ಟಪಟ್ಟು ಕೊಳ್ಳುತ್ತಾರೆ. ಬಲವಂತವಾಗಿ ಬಂದುದು ಒಗ್ಗದೆ, ಒಲಿದು ಬಂದುದು ಒಗ್ಗುವುದಕ್ಕೆ ಇದೂ ಒಂದು ನಿದರ್ಶನ.

ಬಂಧುಗಳಲ್ಲಿಯೂ ಶಿಷ್ಯರಲ್ಲಿಯೂ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ 1963ರಿಂದ 1966ರ ನಡುವೆ ಮದುವೆಯಾದ ಹಿರಿಯರಿದ್ದರೆ ಅವರ ತಾಳಿಯ ಚಿನ್ನ ಯಾವ ಮಟ್ಟದ್ದು, ಮಾಡಿಕೊಟ್ಟವರು ಯಾರು, ಆಮೇಲೆ ಆ ಮನೆಯ ಮಕ್ಕಳು ಯಾವ ಕಸುಬು ಹಿಡಿದರು ಎಂದು ಕೇಳಿ ನನಗೆ ಬರೆಯಿರಿ. ಇಂಥ ಸಂಗತಿಗಳು ಗೆಜೆಟಿನಲ್ಲಿ ಸಿಗುವುದಿಲ್ಲ, ಮತ್ತು ಹೇಳಬಲ್ಲವರ ಸಂಖ್ಯೆ ದಿನದಿನಕ್ಕೆ ಕಡಿಮೆಯಾಗುತ್ತಿದೆ.