ಮಿರ್ಕೊ ಫಿಲಿಪೊವಿಚ್

ಮಿರ್ಕೊ ಫಿಲಿಪೊವಿಚ್ (ಜನನ: 10 ಸೆಪ್ಟೆಂಬರ್ 1974) ಕ್ರೊಯೇಷಿಯಾ ದೇಶದ ನಿವೃತ್ತ ಕಿಕ್‌ಬಾಕ್ಸಿಂಗ್ ಹಾಗೂ ಮಿಶ್ರ ಸಮರಕಲೆಯ ಪಟು. ಹೆವಿವೇಟ್ ವಿಭಾಗದಲ್ಲಿ ಸ್ಪರ್ಧಿಸಿದ ಇವರು ‘ಕ್ರೊ ಕಾಪ್’ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧರು. ಕ್ರೊಯೇಷಿಯಾದ ಪೊಲೀಸ್ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊಟಕು ರೂಪವೇ ಈ ಹೆಸರು. ಆ ದೇಶದ ಭಯೋತ್ಪಾದನಾ ನಿಗ್ರಹ ಪೊಲೀಸ್ ದಳದಲ್ಲಿ ಅವರು ಸೇವೆ ಸಲ್ಲಿಸುತ್ತಿದ್ದುದರಿಂದ ಅದು ಬಂದಿತು. 2006ರಲ್ಲಿ ಪ್ರೈಡ್ ಸಂಸ್ಥೆಯ ಮುಕ್ತ ತೂಕದ ಗ್ರಾಂ ಪ್ರಿಯನ್ನೂ, 2013ರ ಮಾರ್ಚ್‌ನಲ್ಲಿ ಮುಕ್ತಾಯಗೊಂಡ ಕೆ-1 ವಿಶ್ವ ಗ್ರಾಂ ಪ್ರಿಯನ್ನೂ ಗೆದ್ದರು. ನಿಂತು ಹೋರಾಡುವ ಕ್ರೀಡೆ ಮತ್ತು ನೆಲದ ಮೇಲಿನ ಹಿಡಿತಗಳನ್ನೂ ಒಳಗೊಂಡ ಕ್ರೀಡೆ, ಈ ಎರಡರ ಅತ್ಯುನ್ನತ ಪಂದ್ಯಾವಳಿಗಳನ್ನೂ ಗೆದ್ದವರು ಇವರೊಬ್ಬರೇ. 2003ರಿಂದ 2008ರ ಆರಂಭದವರೆಗೆ ಕ್ರೊಯೇಷಿಯಾದ ಸಂಸತ್ ಸದಸ್ಯರೂ ಆಗಿದ್ದರು.

ಬಾಲ್ಯ ಮತ್ತು ಹಿನ್ನೆಲೆ

ಆಗಿನ ಯುಗೊಸ್ಲಾವಿಯಾದ ಭಾಗವಾಗಿದ್ದ ಕ್ರೊಯೇಷಿಯಾದ ಪೂರ್ವ ಅಂಚಿನ ವಿಂಕೊವ್ಸಿ ಪಟ್ಟಣದಲ್ಲಿ ಫಿಲಿಪೊವಿಚ್ ಜನಿಸಿದರು. ಸಮೀಪದ ಪ್ರಿವ್ಲಾಕಾ ಎಂಬ ಹಳ್ಳಿಯಲ್ಲಿ ಬೆಳೆದರು. 1991ರಲ್ಲಿ ಯುಗೊಸ್ಲಾವಿಯಾ ಒಡೆದು ಯುದ್ಧ ಆರಂಭವಾದಾಗ ಈ ಪ್ರದೇಶವೇ ರಣಾಂಗಣದ ಅಂಚಾಯಿತು. ಆಗ ಅವರಿಗೆ ಹದಿನೇಳು ವರ್ಷ. ಮುಂದೆ ಪೊಲೀಸ್ ಇಲಾಖೆ ಸೇರಿ, ಲುಚ್ಕೊ ಎಂಬಲ್ಲಿ ನೆಲೆಗೊಂಡಿರುವ ವಿಶೇಷ ದಳದಲ್ಲಿ ಕೆಲಸ ಮಾಡಿದರು. ಜೊತೆಗೆ ಹವ್ಯಾಸಿ ಮುಷ್ಟಿಯುದ್ಧದಲ್ಲಿಯೂ ಸ್ಪರ್ಧಿಸುತ್ತಿದ್ದರು.

ಅವರನ್ನು ವೃತ್ತಿಪರ ಕಿಕ್‌ಬಾಕ್ಸಿಂಗ್‌ಗೆ ಕರೆತಂದ ಹಿರಿಯರಲ್ಲಿ ಅದೇ ದೇಶದ ಬ್ರಾಂಕೊ ಸಿಕಾಟಿಚ್ ಮುಖ್ಯರು. 1993ರಲ್ಲಿ ಟೋಕಿಯೊದಲ್ಲಿ ನಡೆದ ಮೊತ್ತಮೊದಲ ಕೆ-1 ಗ್ರಾಂ ಪ್ರಿಯನ್ನು ಗೆದ್ದವರು ಈ ಸಿಕಾಟಿಚ್. ಜಪಾನಿನ ಕರಾಟೆ ಗುರು ಕಾಜುಯೋಶಿ ಇಶಿಯಿ ಆರಂಭಿಸಿದ ಕೆ-1 ಪಂದ್ಯಾವಳಿಯ ಅಂತಿಮ ಘಟ್ಟದಲ್ಲಿ ಎಂಟು ಮಂದಿ ಸ್ಪರ್ಧಿಗಳು ಒಂದೇ ರಾತ್ರಿ ಸೆಣಸುತ್ತಿದ್ದರು. ಗೆಲ್ಲಬೇಕಾದವನು ಆ ರಾತ್ರಿ ಮೂರು ಬಾರಿ ಕಣಕ್ಕಿಳಿಯಬೇಕಿತ್ತು.

ಕಿಕ್‌ಬಾಕ್ಸಿಂಗ್

1996ರ ಮಾರ್ಚ್ 10ರಂದು ಫಿಲಿಪೊವಿಚ್ ಕೆ-1ರಲ್ಲಿ ಮೊದಲ ಬಾರಿಗೆ ಸ್ಪರ್ಧಿಸಿ, ಫ್ರಾನ್ಸಿನ ಜೆರೋಮ್ ಲೆ ಬ್ಯಾನರ್ ಅವರನ್ನು ಅಂಕಗಳ ಆಧಾರದಲ್ಲಿ ಸೋಲಿಸಿದರು. ಮುಂದಿನ ಪಂದ್ಯದಲ್ಲಿ ನೆದರ್ಲೆಂಡ್ಸಿನ ಅರ್ನೆಸ್ಟೊ ಹೋಸ್ಟ್ ಅವರಿಗೆ ಸೋತರು. 1999ರ ಡಿಸೆಂಬರ್ 5ರಂದು ಟೋಕಿಯೊ ಡೋಮ್‌ನಲ್ಲಿ ನಡೆದ ವಿಶ್ವ ಗ್ರಾಂ ಪ್ರಿಯಲ್ಲಿ ಮುಸಾಶಿ ಮತ್ತು ಸ್ಯಾಮ್ ಗ್ರೆಕೊ ಅವರನ್ನು ಮಣಿಸಿ ಅಂತಿಮ ಪಂದ್ಯ ತಲುಪಿದರು. ಅಲ್ಲಿಯೂ ಎದುರಾದವರು ಹೋಸ್ಟ್. ಮೂರನೆಯ ಸುತ್ತಿನಲ್ಲಿ ಪಕ್ಕೆಗೆ ಬಿದ್ದ ಏಟಿನಿಂದ ಫಿಲಿಪೊವಿಚ್ ಕುಸಿದರು, ಪ್ರಶಸ್ತಿ ಕೈತಪ್ಪಿತು.

ಅವರ ಖ್ಯಾತಿಗೆ ಮುಖ್ಯ ಕಾರಣ ಎಡಗಾಲಿನ ಒದೆತ. ಅವರು ಬಲಗಾಲನ್ನು ಮುಂದಿಟ್ಟು, ಎಡಗಾಲನ್ನು ಹಿಂದಿಟ್ಟು ನಿಲ್ಲುವ ಎಡಚ ಪಟು. ಹಾಗೆ ನಿಂತವನ ಎಡಗಾಲು ಎದುರಾಳಿಯ ಬಲ ಪಕ್ಕೆಗೆ, ಅಂದರೆ ಪಿತ್ತಜನಕಾಂಗ ಇರುವ ಭಾಗಕ್ಕೆ ನೇರವಾಗಿ ತಾಗುತ್ತದೆ. ಆ ಏಟನ್ನು ಒಂದೆರಡು ಬಾರಿ ತಿಂದವನು ಸಹಜವಾಗಿಯೇ ಬಲಗೈಯನ್ನು ಕೆಳಗಿಳಿಸಿ ಪಕ್ಕೆಯನ್ನು ಕಾಪಾಡಿಕೊಳ್ಳುತ್ತಾನೆ. ಆಗ ತಲೆ ತೆರೆದುಕೊಳ್ಳುತ್ತದೆ. ಫಿಲಿಪೊವಿಚ್ ಅವರ ಒದೆತ ಪಕ್ಕೆಗೋ ತಲೆಗೋ ಎಂಬುದು ಕಾಲು ಮೇಲೇಳುವವರೆಗೆ ತಿಳಿಯುತ್ತಿರಲಿಲ್ಲ. ಬಲಗಾಲು ತಾಗಿದರೆ ಆಸ್ಪತ್ರೆ, ಎಡಗಾಲು ತಾಗಿದರೆ ಸ್ಮಶಾನ ಎಂಬ ಮಾತು ಅವರ ಹೆಸರಿನೊಂದಿಗೆ ಅಂಟಿಕೊಂಡದ್ದು ಹೀಗೆ.

ಮಿಶ್ರ ಸಮರಕಲೆಗೆ ಪ್ರವೇಶ

2001ರ ಆಗಸ್ಟ್ 19ರಂದು, ಹಿಂದಿನ ವರ್ಷ ರಕ್ತದ ಕ್ಯಾನ್ಸರಿನಿಂದ ನಿಧನರಾದ ಸ್ವಿಟ್ಜರ್ಲೆಂಡಿನ ಕಿಕ್‌ಬಾಕ್ಸರ್ ಆಂಡಿ ಹ್ಯೂಗ್ ಅವರ ಸ್ಮರಣಾರ್ಥ ಕೆ-1 ಸಂಸ್ಥೆ ಒಂದು ಸ್ಪರ್ಧೆ ಏರ್ಪಡಿಸಿತ್ತು. ಅದರಲ್ಲಿ ಮಿಶ್ರ ಸಮರಕಲೆಯ ನಿಯಮಗಳಂತೆ ನಡೆದ ಪಂದ್ಯವೊಂದರಲ್ಲಿ ಫಿಲಿಪೊವಿಚ್ ಜಪಾನಿನ ಬಲಿಷ್ಠ ಕುಸ್ತಿಪಟು ಕಾಜುಯುಕಿ ಫುಜಿತಾ ಅವರನ್ನು ಎದುರಿಸಿದರು. ಕಾಲು ಹಿಡಿದು ಕೆಡವಲು ಬಾಗಿ ನುಗ್ಗಿದ ಫುಜಿತಾರ ಮುಖಕ್ಕೆ ಫಿಲಿಪೊವಿಚ್ ಅವರ ಮೊಣಕಾಲು ಬಡಿಯಿತು. ಗಾಯದಿಂದ ರಕ್ತ ಸುರಿಯುತ್ತಿದ್ದುದರಿಂದ ಪಂದ್ಯವನ್ನು 39 ಸೆಕೆಂಡುಗಳಲ್ಲಿಯೇ ನಿಲ್ಲಿಸಲಾಯಿತು.

ಗೆಲುವು ಸುಲಭವಾಗಿ ಕಂಡರೂ ಈ ಬದಲಾವಣೆ ಸುಲಭದ್ದಾಗಿರಲಿಲ್ಲ. ಮೈಸೂರು ದಸರಾದ ನಾಡಕುಸ್ತಿಯನ್ನು ನೋಡಿದವರಿಗೆ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದಲ್ಲಿಗೆ ಪಂದ್ಯ ಮುಗಿಯುತ್ತದೆ ಎಂಬುದು ತಿಳಿದಿರುತ್ತದೆ. ಕಿಕ್‌ಬಾಕ್ಸಿಂಗ್‌ನಲ್ಲಿಯೂ ನೆಲಕ್ಕೆ ಬಿದ್ದವನನ್ನು ಹೊಡೆಯುವಂತಿಲ್ಲ. ಮಿಶ್ರ ಸಮರಕಲೆಯಲ್ಲಾದರೋ ನೆಲಕ್ಕೆ ಬಿದ್ದ ಮೇಲೆ ಇನ್ನೊಂದು ಕಾಳಗವೇ ಆರಂಭವಾಗುತ್ತದೆ. ಅಲ್ಲಿ ಏಟುಗಳೂ ಬೀಳುತ್ತವೆ, ಕೈಕಾಲು ತಿರುಚುವ ಮತ್ತು ಕತ್ತು ಬಿಗಿಯುವ ಪಟ್ಟುಗಳೂ ಇರುತ್ತವೆ. ಆ ವಿದ್ಯೆಯಲ್ಲಿ ಬಾಲ್ಯದಿಂದ ಪಳಗಿದವರ ಎದುರು ಇಪ್ಪತ್ತೇಳರ ವಯಸ್ಸಿನಲ್ಲಿ ಕಲಿಯತೊಡಗಿದವನು ಸಮನಾಗುವುದು ಕಷ್ಟ. ಆದ್ದರಿಂದ ಫಿಲಿಪೊವಿಚ್ ಮೊದಲು ಸಾಧಿಸಿದ್ದು ನೆಲದ ಪಟ್ಟುಗಳನ್ನಲ್ಲ, ನೆಲಕ್ಕೆ ಬೀಳದಿರುವುದನ್ನು. ಎದುರಾಳಿ ಕಾಲಿಗೆ ನುಗ್ಗಿದೊಡನೆ ಎರಡೂ ಕಾಲುಗಳನ್ನು ಹಿಂದಕ್ಕೆಸೆದು, ಸೊಂಟದ ಭಾರವನ್ನು ಅವನ ಹೆಗಲ ಮೇಲೆ ಹೇರಿ ತಪ್ಪಿಸಿಕೊಳ್ಳುವ ಕ್ರಮ ಅವರಿಗೆ ಕರಗತವಾಯಿತು. ಅವರ ಒದೆತವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಆ ಒದೆತಕ್ಕೆ ಅವಕಾಶ ಮಾಡಿಕೊಟ್ಟದ್ದು ಈ ರಕ್ಷಣಾ ವಿದ್ಯೆಯೇ. ನೆಲದ ಕಲೆಗಾಗಿ ಮುಂದೆ ಬ್ರೆಜಿಲಿನ ಫ್ಯಾಬ್ರಿಸಿಯೊ ವೆರ್ಡುಮ್ ಅವರ ಬಳಿಯೂ ಜಿಯು-ಜಿತ್ಸು ಅಭ್ಯಾಸ ಮಾಡಿದರು.

2001ರ ನವೆಂಬರ್‌ನಲ್ಲಿ ನೊಬುಹಿಕೊ ತಕಾದಾ ಅವರೊಡನೆಯೂ, 2002ರ ಏಪ್ರಿಲ್‌ನಲ್ಲಿ ವಾಂಡರ್ಲೇ ಸಿಲ್ವಾ ಅವರೊಡನೆಯೂ ನಡೆದ ಪಂದ್ಯಗಳು ಸಮಬಲದಲ್ಲಿ ಕೊನೆಗೊಂಡವು. 2002ರ ಆಗಸ್ಟ್ 28ರಂದು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಜಪಾನಿನ ಜನಪ್ರಿಯ ಪಟು ಕಾಜುಶಿ ಸಕುರಾಬಾ ಅವರನ್ನು ಸೋಲಿಸಿದರು. ಕಣ್ಣಿನ ಗಾಯದಿಂದಾಗಿ ಸಕುರಾಬಾ ಮುಂದುವರಿಯಲಾಗಲಿಲ್ಲ. 2003ರ ಮಾರ್ಚ್‌ನಲ್ಲಿ ಕೆ-1 ಕಣದಲ್ಲಿ ದೈತ್ಯದೇಹಿ ಬಾಬ್ ಸ್ಯಾಪ್ ಅವರನ್ನು ಮೊದಲ ಸುತ್ತಿನಲ್ಲೇ ಕೆಡವಿದ ಬಳಿಕ, ಹಲವು ವರ್ಷಗಳ ಕಾಲ ಅವರ ಗಮನವೆಲ್ಲ ಪ್ರೈಡ್ ಸಂಸ್ಥೆಯ ಕಡೆಗೇ ಹರಿಯಿತು.

ಪ್ರೈಡ್: 2003ರಿಂದ 2006

ಜೂನ್ 2003ರಲ್ಲಿ ಹೀತ್ ಹೆರಿಂಗ್, ಆಗಸ್ಟ್‌ನಲ್ಲಿ ಇಗೊರ್ ವೊವ್ಚಾಂಚಿನ್ ಇಬ್ಬರೂ ಮೊದಲ ಸುತ್ತಿನಲ್ಲಿಯೇ ಆ ಎಡಗಾಲಿಗೆ ಬಲಿಯಾದರು. ಮೊದಲನೆಯವರಿಗೆ ಒದೆತ ಪಕ್ಕೆಗೆ ಬಿದ್ದಿತ್ತು, ಎರಡನೆಯವರಿಗೆ ತಲೆಗೆ.

2003ರ ನವೆಂಬರ್ 9ರಂದು ಟೋಕಿಯೊ ಡೋಮ್‌ನಲ್ಲಿ, ಹೆವಿವೇಟ್ ಹಂಗಾಮಿ ಚಾಂಪಿಯನ್ ಪಟ್ಟಕ್ಕಾಗಿ ಬ್ರೆಜಿಲಿನ ಅಂಟೋನಿಯೊ ರೊಡ್ರಿಗೊ ನೊಗೇರಾ ಅವರೊಡನೆ ನಡೆದ ಪಂದ್ಯ ಫಿಲಿಪೊವಿಚ್ ಅವರ ಬಲ ಮತ್ತು ದೌರ್ಬಲ್ಯ ಎರಡನ್ನೂ ತೋರಿಸುತ್ತದೆ. ಪ್ರೈಡ್‌ನಲ್ಲಿ ಮೊದಲ ಸುತ್ತು ಹತ್ತು ನಿಮಿಷಗಳದ್ದು. ಆ ಹತ್ತು ನಿಮಿಷವೂ ಫಿಲಿಪೊವಿಚ್ ಅವರದೇ ಮೇಲುಗೈ. ನೊಗೇರಾ ನುಗ್ಗಿದಾಗಲೆಲ್ಲ ತಪ್ಪಿಸಿಕೊಂಡು ಏಟಿನ ಮೇಲೆ ಏಟು ಕೊಟ್ಟರು. ಸುತ್ತು ಮುಗಿಯುವ ಹೊತ್ತಿಗೆ ತಲೆಗೆ ಬಿದ್ದ ಒದೆತದಿಂದ ನೊಗೇರಾ ನೆಲಕ್ಕುರುಳಿದರು. ಗಂಟೆ ಬಾರಿಸಿದ್ದರಿಂದ ಉಳಿದುಕೊಂಡರು. ಎರಡನೆಯ ಸುತ್ತು ಆರಂಭವಾಗುತ್ತಲೇ ನೊಗೇರಾ ಅವರನ್ನು ಕೆಡವಿ, ಮೇಲೇರಿ ಕುಳಿತು, ತೋಳನ್ನು ಸೆಳೆದು ತಿರುಚಿದರು. ಒಂದು ನಿಮಿಷ ನಲವತ್ತೈದು ಸೆಕೆಂಡಿಗೆ ಫಿಲಿಪೊವಿಚ್ ಸೋಲೊಪ್ಪಿಕೊಂಡರು. ಪೂರ್ತಿ ಒಂದು ಸುತ್ತು ನಿಂತು ಗೆದ್ದವರು ಒಮ್ಮೆ ಬಿದ್ದದ್ದಕ್ಕೆ ಪಟ್ಟವನ್ನೇ ಕಳೆದುಕೊಂಡರು.

ಇದಾದ ಎರಡು ವಾರಗಳಲ್ಲಿ, ನವೆಂಬರ್ 23ರ ಸಾರ್ವತ್ರಿಕ ಚುನಾವಣೆಯಲ್ಲಿ, ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಪಟ್ಟಿಯಲ್ಲಿ ಪಕ್ಷೇತರರಾಗಿ ನಿಂತಿದ್ದ ಅವರು ಸಂಸತ್ತಿಗೆ ಆಯ್ಕೆಯಾದರು. ಸದಸ್ಯತ್ವದ ಅವಧಿಯಲ್ಲಿಯೂ ಸ್ಪರ್ಧೆಗಳನ್ನು ಬಿಡಲಿಲ್ಲ. 2005ರಲ್ಲಿ ತೆರೆಕಂಡ ‘ಅಲ್ಟಿಮೇಟ್ ಫೋರ್ಸ್’ ಎಂಬ ಸಾಹಸ ಚಿತ್ರದಲ್ಲಿ ನಾಯಕನ ಪಾತ್ರವನ್ನೂ ಮಾಡಿದರು.

2004ರ ಏಪ್ರಿಲ್‌ನಲ್ಲಿ ಅಮೆರಿಕದ ಕುಸ್ತಿಪಟು ಕೆವಿನ್ ರಾಂಡಲ್‌ಮನ್, ಎಲ್ಲರ ನಿರೀಕ್ಷೆಯನ್ನು ಸುಳ್ಳು ಮಾಡಿ, ಮುಷ್ಟಿಯ ಏಟಿನಿಂದಲೇ ಫಿಲಿಪೊವಿಚ್ ಅವರನ್ನು ನಾಕೌಟ್ ಮಾಡಿದರು. ಅದೇ ವರ್ಷದ ಡಿಸೆಂಬರ್ 31ರ ಮರುಪಂದ್ಯದಲ್ಲಿ ಫಿಲಿಪೊವಿಚ್ 41 ಸೆಕೆಂಡುಗಳಲ್ಲಿ ಅವರ ಕತ್ತು ಬಿಗಿದು ಸೋಲೊಪ್ಪಿಸಿದರು. ಕುಸ್ತಿಯವನು ಗುದ್ದಿ ಗೆದ್ದದ್ದು, ಒದೆಯುವವನು ಪಟ್ಟು ಹಾಕಿ ಗೆದ್ದದ್ದು ಈ ಕ್ರೀಡೆಯ ಸ್ವಾರಸ್ಯ.

2005ರ ಆಗಸ್ಟ್ 28ರಂದು ಸೈತಾಮಾದಲ್ಲಿ ರಷ್ಯಾದ ಚಾಂಪಿಯನ್ ಫೆಡೊರ್ ಎಮೆಲಿಯಾನೆಂಕೊ ಅವರೊಡನೆ ನಡೆದ ಪಂದ್ಯವನ್ನು ಹೆವಿವೇಟ್ ವಿಭಾಗದ ಮಹತ್ವದ ಪಂದ್ಯಗಳಲ್ಲಿ ಒಂದೆಂದು ಎಣಿಸಲಾಗುತ್ತದೆ. ಮೊದಲ ಕೆಲವು ನಿಮಿಷಗಳಲ್ಲಿ ಫಿಲಿಪೊವಿಚ್ ಅವರ ಏಟುಗಳು ಚೆನ್ನಾಗಿಯೇ ತಾಗಿದವು. ಆದರೆ ಫೆಡೊರ್ ಹಿಂಜರಿಯದೆ ಮುಂದೊತ್ತುತ್ತಲೇ ಬಂದರು. ಒದೆಯಲು ಅಂತರ ಬೇಕು, ನೆಲದಲ್ಲಿ ಕಾಲು ಊರಿ ನಿಲ್ಲಬೇಕು. ಹಿಂದೆ ಹಿಂದೆ ಸರಿಯುತ್ತಿರುವವನಿಗೆ ಈ ಎರಡೂ ದಕ್ಕುವುದಿಲ್ಲ. ಮೂರು ಸುತ್ತುಗಳ ಬಳಿಕ ತೀರ್ಪುಗಾರರು ಒಮ್ಮತದಿಂದ ಫೆಡೊರ್ ಪರ ತೀರ್ಪಿತ್ತರು. ಅವರನ್ನು ನಾಕೌಟ್ ಮಾಡದೆ ಸೋಲಿಸುವ ದಾರಿ ಯಾವುದೆಂಬುದು ಉಳಿದವರಿಗೂ ಆ ದಿನ ಸ್ಪಷ್ಟವಾಯಿತು.

ಎರಡು ಬಾರಿ ಕೈತಪ್ಪಿದ್ದ ಪ್ರೈಡ್ ಕಿರೀಟ 2006ರ ಸೆಪ್ಟೆಂಬರ್ 10ರಂದು, ಅವರ ಮೂವತ್ತೆರಡನೆಯ ಜನ್ಮದಿನದಂದೇ, ಬೇರೊಂದು ರೂಪದಲ್ಲಿ ಒಲಿಯಿತು. ಮುಕ್ತ ತೂಕದ ಗ್ರಾಂ ಪ್ರಿಯ ಉಪಾಂತ್ಯದಲ್ಲಿ ವಾಂಡರ್ಲೇ ಸಿಲ್ವಾ ಅವರನ್ನು ಎಡಗಾಲಿನ ಒದೆತದಿಂದ ಪ್ರಜ್ಞೆತಪ್ಪಿಸಿದರು. ಅದೇ ರಾತ್ರಿಯ ಅಂತಿಮ ಪಂದ್ಯದಲ್ಲಿ ಜೋಶ್ ಬಾರ್ನೆಟ್ ಏಟುಗಳನ್ನು ತಾಳಲಾರದೆ ಸೋಲೊಪ್ಪಿಕೊಂಡರು.

ಯುಎಫ್‌ಸಿ

2007ರಲ್ಲಿ ಫಿಲಿಪೊವಿಚ್ ಅಮೆರಿಕದ ಯುಎಫ್‌ಸಿ ಸಂಸ್ಥೆಗೆ ಸೇರಿದರು. ಪ್ರೈಡ್‌ನ ಹಗ್ಗದ ಕಣದ ಬದಲು ಇಲ್ಲಿ ಎಂಟು ಮೂಲೆಯ ಬಲೆಯ ಕಣ. ಪ್ರೈಡ್‌ನಲ್ಲಿ ನಿಷಿದ್ಧವಾಗಿದ್ದ, ತಲೆಗೆ ಮೊಣಕೈಯಿಂದ ಹೊಡೆಯುವ ಕ್ರಮಕ್ಕೆ ಇಲ್ಲಿ ಅನುಮತಿಯಿತ್ತು. ಏಪ್ರಿಲ್ 21ರಂದು ಮ್ಯಾಂಚೆಸ್ಟರಿನಲ್ಲಿ ಬ್ರೆಜಿಲಿನ ಗೇಬ್ರಿಯಲ್ ಗೊನ್ಜಾಗಾ ಎದುರಾದರು. ಜಿಯು-ಜಿತ್ಸು ಪರಿಣತರಾದ ಗೊನ್ಜಾಗಾ ನೆಲದ ಮೇಲೆ ಮೊಣಕೈಯಿಂದ ಬಡಿದು ಅವರನ್ನು ಬಳಲಿಸಿದರು. ಇಬ್ಬರೂ ಎದ್ದು ನಿಂತ ಮೇಲೆ, ಮೊದಲ ಸುತ್ತಿನ ಕೊನೆಯ ಕ್ಷಣಗಳಲ್ಲಿ, ತಾವೇ ಫಿಲಿಪೊವಿಚ್ ಅವರ ತಲೆಗೆ ಒದ್ದರು. ಜಗತ್ತು ಯಾರ ಒದೆತಕ್ಕೆ ಹೆದರುತ್ತಿತ್ತೋ ಅವರೇ ಒದೆತಕ್ಕೆ ಸಿಲುಕಿ ಪ್ರಜ್ಞೆಯಿಲ್ಲದೆ ಬಿದ್ದರು.

ಆಮೇಲಿನ ವರ್ಷಗಳು ಏಳುಬೀಳಿನವು. ಅದೇ ಸೆಪ್ಟೆಂಬರ್‌ನಲ್ಲಿ ಚೇಕ್ ಕೊಂಗೊ ಅವರಿಗೆ ಸೋತು ಜಪಾನಿಗೆ ಮರಳಿದರು. 2009ರಲ್ಲಿ ಮತ್ತೆ ಯುಎಫ್‌ಸಿಗೆ ಬಂದು ಮೂರು ಪಂದ್ಯ ಗೆದ್ದರು. ಆದರೆ ಜೂನಿಯರ್ ಡೊಸ್ ಸಾಂಟೋಸ್, ಫ್ರಾಂಕ್ ಮಿರ್, ಬ್ರೆಂಡನ್ ಶಾಬ್ ಮತ್ತು 2011ರ ಅಕ್ಟೋಬರ್‌ನಲ್ಲಿ ರಾಯ್ ನೆಲ್ಸನ್ ಅವರಿಂದ ಸೋತರು.

ಮರಳಿ ಗೆಲುವು, ಅಮಾನತು, ನಿವೃತ್ತಿ

2013ರ ಮಾರ್ಚ್ 15ರಂದು ತಮ್ಮ ದೇಶದ ರಾಜಧಾನಿ ಜಾಗ್ರೆಬ್‌ನಲ್ಲಿ, ಇಸ್ಮಾಯೆಲ್ ಲೊಂಟ್ ಅವರನ್ನು ಸೋಲಿಸಿ ಫಿಲಿಪೊವಿಚ್ ಕೆ-1 ವಿಶ್ವ ಗ್ರಾಂ ಪ್ರಿಯನ್ನು ಗೆದ್ದರು. ಹೋಸ್ಟ್ ಅವರೆದುರಿನ ಸೋಲಿಗೆ ಅಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು. 2015ರ ಏಪ್ರಿಲ್ 11ರಂದು ಪೋಲೆಂಡಿನ ಕ್ರಾಕೋವ್‌ನಲ್ಲಿ ಗೊನ್ಜಾಗಾ ಅವರೊಡನೆ ಮರುಪಂದ್ಯ ನಡೆಯಿತು. ಎರಡು ಸುತ್ತು ಹಿಂದೆ ಬಿದ್ದಿದ್ದ ಅವರು ಮೂರನೆಯ ಸುತ್ತಿನಲ್ಲಿ ಮೊಣಕೈ ಏಟುಗಳಿಂದ ಎದುರಾಳಿಯನ್ನು ನೆಲಕ್ಕೊರಗಿಸಿ ಗೆದ್ದರು. ಎಂಟು ವರ್ಷಗಳ ಹಿಂದೆ ಅವರನ್ನು ಬಳಲಿಸಿದ್ದೂ ಇದೇ ಮೊಣಕೈ ಏಟುಗಳೇ.

ಅದೇ ವರ್ಷದ ನವೆಂಬರ್‌ನಲ್ಲಿ ಸೋಲ್ ನಗರದ ಪಂದ್ಯದಿಂದ ಭುಜದ ಗಾಯದ ಕಾರಣ ಹಿಂದೆ ಸರಿದರು. ಗಾಯ ಮಾಯಲೆಂದು ನಿಷೇಧಿತ ಬೆಳವಣಿಗೆ ಹಾರ್ಮೋನನ್ನು ಬಳಸಿದ್ದಾಗಿ ಅವರೇ ಒಪ್ಪಿಕೊಂಡರು. ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯು ಅವರನ್ನು ಎರಡು ವರ್ಷ ಅಮಾನತಿನಲ್ಲಿರಿಸಿತು. ಅವರು ನಿವೃತ್ತಿ ಘೋಷಿಸಿದರಾದರೂ ಅದು ಉಳಿಯಲಿಲ್ಲ. ಆ ಸಂಸ್ಥೆಯ ವ್ಯಾಪ್ತಿಗೆ ಒಳಪಡದ ಜಪಾನಿನ ರಿಜಿನ್ ಪಂದ್ಯಾವಳಿಯಲ್ಲಿ 2016ರಲ್ಲಿಯೇ ಕಣಕ್ಕಿಳಿದರು. ಡಿಸೆಂಬರ್ 29ರಂದು ಮುಹಮ್ಮದ್ ಲವಾಲ್ ಅವರನ್ನೂ, 31ರಂದು ಎಸ್ಟೋನಿಯಾ ಮೂಲದ ಮಾಜಿ ಸುಮೊ ಪಟು ಬರುಟೊ ಮತ್ತು ಇರಾನಿನ ಕುಸ್ತಿಪಟು ಅಮೀರ್ ಅಲಿಅಕ್ಬರಿ ಅವರನ್ನೂ ಸೋಲಿಸಿ, ನಲವತ್ತೆರಡರ ವಯಸ್ಸಿನಲ್ಲಿ ಗ್ರಾಂ ಪ್ರಿ ಗೆದ್ದರು. ಈ ಗೆಲುವನ್ನು ದಾಖಲಿಸುವಾಗ, ಅದು ಅಮಾನತಿನ ಅವಧಿಯಲ್ಲಿಯೇ ಬಂದದ್ದೆಂಬುದನ್ನೂ ಜೊತೆಯಲ್ಲಿ ಹೇಳಬೇಕಾಗುತ್ತದೆ. ಅಭಿಮಾನಿಗಳ ಬರಹಗಳಲ್ಲಿ ಇದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

2019ರ ಫೆಬ್ರವರಿ 16ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬೆಲೇಟರ್ ಸಂಸ್ಥೆಯ ಪಂದ್ಯದಲ್ಲಿ, 2011ರಲ್ಲಿ ತಮ್ಮನ್ನು ಸೋಲಿಸಿದ್ದ ರಾಯ್ ನೆಲ್ಸನ್ ಅವರನ್ನು ತೀರ್ಪುಗಾರರ ನಿರ್ಣಯದ ಮೇಲೆ ಸೋಲಿಸಿದರು. ಕೆಲವೇ ದಿನಗಳಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತು. ಮಾರ್ಚ್ 1ರಂದು ನಿವೃತ್ತಿಯನ್ನು ಪ್ರಕಟಿಸಿದರು. ಮಿಶ್ರ ಸಮರಕಲೆಯಲ್ಲಿ ಅವರ ದಾಖಲೆ 38 ಗೆಲುವು, 11 ಸೋಲು, 2 ಸಮಬಲ ಮತ್ತು ಫಲಿತಾಂಶವಿಲ್ಲದ 1 ಪಂದ್ಯ. ಯುಎಫ್‌ಸಿಯಲ್ಲಿ ಮಾತ್ರ ಗೆಲುವು 5, ಸೋಲು 6.