ಒಳಾಂಗಣ ಸಸ್ಯಪಾಲನೆಯಲ್ಲಿ ಬಿಳಿ ಎಲ್‌ಇಡಿ

ಬಿಸಿಲು ತಲುಪದ ಕೋಣೆಯಲ್ಲಿ ಸಸ್ಯ ಬೆಳೆಸಲು ಬಳಸುವ ಬಿಳಿ ಎಲ್‌ಇಡಿ ಮೂಲತಃ ನೀಲಿ ಬೆಳಕಿನ ದೀಪ. ಅದರ ಚಿಪ್ ಹೊಮ್ಮಿಸುವ ಸುಮಾರು 450 ನ್ಯಾನೊಮೀಟರ್ ತರಂಗಾಂತರದ ನೀಲಿಯ ಒಂದಂಶವನ್ನು ಮೇಲಿನ ಫಾಸ್ಫರ್ ಲೇಪವು ಹೀರಿ ಹಸಿರು, ಹಳದಿ, ಕೆಂಪುಗಳಾಗಿ ಮರಳಿ ಸೂಸುವುದರಿಂದ ಅದು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ನೀಲಿ ಎಲ್‌ಇಡಿಯ ಶೋಧಕ್ಕೆ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಸಂದಿತು.

ದ್ಯುತಿಸಂಶ್ಲೇಷಣೆಗೆ ಮುಖ್ಯವಾಗಿ ಒದಗುವುದು 400ರಿಂದ 700 ನ್ಯಾನೊಮೀಟರಿನ ಬೆಳಕು. ಪತ್ರಹರಿತ್ತು ನೀಲಿ ಮತ್ತು ಕೆಂಪನ್ನು ಹೆಚ್ಚು ಹೀರುವುದು ನಿಜವಾದರೂ ಹಸಿರು ವ್ಯರ್ಥವೆಂಬ ನಂಬಿಕೆ ತಪ್ಪು. ಎಲೆಗಳು ಹಸಿರನ್ನೂ ಸಾಕಷ್ಟು ಬಳಸುತ್ತವೆಂಬುದನ್ನು ಕೀತ್ ಮೆಕ್ರೀ 1972ರಲ್ಲಿ ಪ್ರಕಟಿಸಿದ ಅಳತೆಗಳು ತೋರಿಸಿದವು. ನೀಲಿಯಂಶ ಹೆಚ್ಚಿರುವ 6500 ಕೆಲ್ವಿನ್ ವರ್ಣತಾಪದ ದೀಪದಡಿ ಸಸಿಗಳು ಗಿಡ್ಡವಾಗಿ ಗಟ್ಟಿಯಾಗುತ್ತವೆ. 3000 ಕೆಲ್ವಿನ್ ದೀಪದಲ್ಲಿ ಕೆಂಪಿನ ಪಾಲು ಹೆಚ್ಚು.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಲೂಮೆನ್ ಮನುಷ್ಯನ ಕಣ್ಣಿನ ಅಳತೆಯೇ ಹೊರತು ಎಲೆಯದಲ್ಲ. ಸಸ್ಯದ ಲೆಕ್ಕದಲ್ಲಿ ದಕ್ಷತೆಯೆಂದರೆ ಒಂದು ಜೌಲ್ ವಿದ್ಯುತ್ತಿಗೆ ಹೊರಬರುವ ಬೆಳಕಿನ ಕಣಗಳ, ಅಂದರೆ ಫೋಟಾನುಗಳ, ಪ್ರಮಾಣ. ವ್ಯಾಟಿಗೆ 100 ಲೂಮೆನ್ ಕೊಡುವ ಮನೆಬಳಕೆಯ ಬಲ್ಬಿನಲ್ಲಿ ಅದು ಸುಮಾರು 1.4 ಮೈಕ್ರೋಮೋಲ್, ಕೃಷಿಗೆಂದೇ ತಯಾರಾದ ಉತ್ತಮ ಬಿಳಿ ದೀಪದಲ್ಲಿ 2.5 ಅಥವಾ ಅದಕ್ಕೂ ಹೆಚ್ಚು.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ತಾಲ್ಲೂಕುಗಳಲ್ಲಿ ಈ ದೀಪದ ಉಪಯೋಗವನ್ನು ಬಿಸಿಲಿನೊಡನೆ ಹೋಲಿಸಿಯೇ ಅಳೆಯಬೇಕು. ಸೊಪ್ಪಿನ ಬೆಳೆಯ ಒಂದು ಚದರ ಮೀಟರಿಗೆ ದಿನಕ್ಕೆ 12 ಮೋಲ್ ಫೋಟಾನು ಒದಗಿಸಲು 2.5 ಮೈಕ್ರೋಮೋಲ್ ದಕ್ಷತೆಯ ದೀಪವೂ ಸುಮಾರು 1.33 ಯೂನಿಟ್ ವಿದ್ಯುತ್ ಬೇಡುತ್ತದೆ. ಎಕರೆಗೆ ಅದು 5000 ಯೂನಿಟ್ ಮೀರುವುದರಿಂದ, ಬಯಲಿನಲ್ಲಿ ಬೆಳೆಯಬಲ್ಲ ಬೆಳೆಯನ್ನು ದೀಪದಡಿ ತರುವುದು ರೈತನಿಗೆ ನಷ್ಟವೇ ಸರಿ. ಆಸರೆ ಮರಗಳ ನೆರಳಿನಲ್ಲೇ ಸೊಂಪಾಗಿ ಹಬ್ಬುವ ಸವಣೂರಿನ ವೀಳ್ಯದೆಲೆ ಬಳ್ಳಿಗಂತೂ ಇದರ ಅಗತ್ಯವೇ ಇಲ್ಲ.

ಸಸಿಗಳ ವಿಷಯ ಬೇರೆ. 98 ಕುಳಿಗಳ ಪ್ರೋಟ್ರೇಗಳನ್ನು ಒತ್ತಾಗಿ ಜೋಡಿಸಿದರೆ ಒಂದು ಚದರ ಮೀಟರಿನಲ್ಲಿ ಸುಮಾರು 600 ಮೆಣಸಿನ ಅಥವಾ ಟೊಮೆಟೊ ಸಸಿಗಳು ಹಿಡಿಸುವುದರಿಂದ ವಿದ್ಯುತ್ತಿನ ಖರ್ಚು ಅಷ್ಟಕ್ಕೂ ಹಂಚಿಹೋಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲದಲ್ಲಿ ಮಳೆಗಾಲದ ಮೋಡ ಕವಿದು, ಬೆಳಕು ಸಾಲದೆ ಸಸಿಗಳು ಸಪೂರವಾಗಿ ಉದ್ದಕ್ಕೆ ಬೆಳೆದು ಬಾಗುವ ವಾರಗಳಲ್ಲಿ ಕೆಲವು ಗಂಟೆಯ ಪೂರಕ ಬೆಳಕೂ ಪ್ರಯೋಜನಕ್ಕೆ ಬರುತ್ತದೆ. ಬಾಳೆಯಂಥ ಸಸ್ಯಗಳ ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ದಿನಕ್ಕೆ ಸುಮಾರು 16 ಗಂಟೆ ಉರಿಯುತ್ತಿದ್ದ ಟ್ಯೂಬ್‌ಲೈಟಿನ ಬದಲಿಗೆ ಬಿಳಿ ಎಲ್‌ಇಡಿ ಹಾಕಿದರೆ ಕೋಣೆ ತಂಪಾಗಿಡುವ ವೆಚ್ಚವೂ ಇಳಿಯುತ್ತದೆ. ಆದರೆ ಟೊಮೆಟೊ ಸಸಿಗಳಿಗೆ ಹಗಲಿರುಳೂ ಬೆಳಕು ಬಿಟ್ಟರೆ ಎಲೆ ಹಳದಿಗಟ್ಟುವುದರಿಂದ, ದಿನದಲ್ಲಿ ಕೆಲವು ಗಂಟೆ ದೀಪ ಆರಿಸಲೇಬೇಕು.